ಮುಳ್ಳು ಸೊನ್ನೆಗೆ ಬಿದ್ದಾಗ: ಹಳೆಯ ಜೀಪಿನಲ್ಲಿ ಕೆಟ್ಟಿದ್ದು ಮೀಟರೋ ಎಂಜಿನ್ನೋ?

ಹಳೆಯ ಜೀಪು ಇಟ್ಟುಕೊಂಡವರ ಎದೆ ನಡುಗಿಸುವ ಮೀಟರ್ ಡ್ಯಾಶ್‌ಬೋರ್ಡಿನಲ್ಲಿ ಒಂದೇ ಇರುತ್ತದೆ. ಡೀಸೆಲ್ ಮುಳ್ಳು ಇಳಿದರೆ ಬಂಕ್ ಹುಡುಕಿದರಾಯಿತು. ಹೀಟ್ ಮೀಟರ್ ಏರಿದರೆ ಗಾಡಿಯನ್ನು ನೆರಳಿಗೆ ಹಾಕಿ ತಣಿಯಲು ಬಿಟ್ಟರಾಯಿತು. ಆಯಿಲ್ ಪ್ರೆಷರಿನ ಮುಳ್ಳು ಸೊನ್ನೆಗೆ ಬಿದ್ದರೆ ಅಷ್ಟು ಪುರುಸೊತ್ತಿರುವುದಿಲ್ಲ. ಒತ್ತಡ ನಿಜಕ್ಕೂ ಹೋಗಿದ್ದು, ಏರಿನಲ್ಲಿ ಲೋಡ್ ಎಳೆಯುತ್ತಿದ್ದರೆ, ಕ್ರ್ಯಾಂಕ್ ಶಾಫ್ಟನ್ನು ಹೊತ್ತಿರುವ ಬೇರಿಂಗುಗಳು ಒಣಗಿ ಕಚ್ಚಿಕೊಳ್ಳಲು ಕೆಲವೇ ನಿಮಿಷ ಸಾಕು.

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಮಹೀಂದ್ರ ಜೀಪುಗಳಲ್ಲಿ ಹಲವಕ್ಕೆ ಮೂವತ್ತು, ನಲವತ್ತು ವರ್ಷ ದಾಟಿದೆ. ಅಮೆರಿಕದ ವಿಲ್ಲೀಸ್ ಕಂಪನಿಯ ಕಾಲದ ಹರಿಕೇನ್ ಪೆಟ್ರೋಲ್ ಎಂಜಿನ್ ಉಳಿಸಿಕೊಂಡವು ಅಪರೂಪ. 2112 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್ನಿನವು, ಅದರ ನಂತರ ಬಂದ ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ನಿನವು ಹೆಚ್ಚು. ಎಂಜಿನ್ ಯಾವುದೇ ಇರಲಿ, ಮೀಟರುಗಳ ಪಾಡು ಮಾತ್ರ ಒಂದೇ ತೆರ. ಮೂಲ ಮೀಟರ್ ಎಂದೋ ಹೋಗಿರುತ್ತದೆ. ಅದರ ಜಾಗದಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದದ್ದೊಂದು, ಎಂಜಿನ್ನಿನ ಮೈಗೆ ಗುಜರಿಯಲ್ಲಿ ಸಿಕ್ಕ ಸೆಂಡರ್ (ಒತ್ತಡವನ್ನು ಗ್ರಹಿಸಿ ಮೀಟರಿಗೆ ಸುದ್ದಿ ಕಳುಹಿಸುವ ಭಾಗ) ಇನ್ನೊಂದು, ನಡುವೆ ಬಣ್ಣ ಹೊಂದದ ನಾಲ್ಕು ತುಂಡು ವೈರು. ಇಂಥ ಗಾಡಿಯಲ್ಲಿ ಮುಳ್ಳು ಬಿದ್ದಾಗ ಎರಡೇ ತೀರ್ಪು ಕೇಳಿಬರುತ್ತವೆ. ಮಾಲೀಕ ಹೇಳುತ್ತಾನೆ: ‘ಮೀಟರ್ ಕೆಟ್ಟಿರಬೇಕು, ನಡೆಯಿರಿ.’ ಗ್ಯಾರೇಜಿನವ ಹೇಳುತ್ತಾನೆ: ‘ಎಂಜಿನ್ ಬೋರಿಗೆ ಬಂದಿದೆ ಸಾರ್.’ ಅಂದರೆ ಎಂಜಿನ್ ಬಿಚ್ಚಿ ದೊಡ್ಡ ರಿಪೇರಿ ಮಾಡಿಸಬೇಕು. ಇಬ್ಬರೂ ಏನನ್ನೂ ಅಳೆದಿರುವುದಿಲ್ಲ. ಮೊದಲನೆಯವನ ಮಾತು ತಪ್ಪಾದರೆ ಎಂಜಿನ್ ಹೋಗುತ್ತದೆ, ಎರಡನೆಯವನದು ತಪ್ಪಾದರೆ ಹಣ ಹೋಗುತ್ತದೆ. ಸತ್ಯ ಯಾವುದೆಂದು ತಿಳಿಯಲು ಬೇಕಾದದ್ದು ಒಂದು ಮಲ್ಟಿಮೀಟರ್, ಒಂದು ಪೈಪಿನ ಗೇಜ್ ಮತ್ತು ಒಂದು ಬೆಳಗಿನ ಹೊತ್ತು.

ಮೊದಲು ಮುಳ್ಳನ್ನು ನಂಬಿ

ಪರೀಕ್ಷೆಗೆ ಮುಂಚೆ ಒಂದು ನಿಯಮ. ಮೀಟರ್ ಸುಳ್ಳೆಂದು ಸಾಬೀತಾಗುವವರೆಗೆ ಅದು ಸತ್ಯ ಹೇಳುತ್ತಿದೆ ಎಂದೇ ನಡೆದುಕೊಳ್ಳಬೇಕು. ರಸ್ತೆಯ ಬದಿಗೆ ಹಾಕಿ ಎಂಜಿನ್ ನಿಲ್ಲಿಸಿ. ಮೇಲಿನ ಆಯಿಲ್ ಎಂಜಿನ್ನಿನ ತಳದ ತೊಟ್ಟಿಯಾದ ಸಂಪಿಗೆ ಇಳಿಯಲು ಐದಾರು ನಿಮಿಷ ಬಿಟ್ಟು, ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ತೆಗೆದು ನೋಡಿ. ಬರೀ ಮಟ್ಟ ನೋಡಿದರೆ ಸಾಲದು; ಬೆರಳಿಗೆ ಹಚ್ಚಿ ಉಜ್ಜಿ, ಮೂಸಿ. ಮಟ್ಟ ಕೆಳಗಿಳಿದಿದ್ದರೆ ಸೋರಿಕೆ ಹುಡುಕಬೇಕು. ಮಟ್ಟ ಇದ್ದಕ್ಕಿದ್ದಂತೆ ಮೇಲೇರಿದ್ದರೆ ಅದು ಇನ್ನೂ ಕೆಟ್ಟ ಸುದ್ದಿ: ಡೀಸೆಲ್ಲೋ ಪೆಟ್ರೋಲೋ ನೀರೋ ಆಯಿಲಿಗೆ ಸೇರುತ್ತಿದೆ. ಹರಿಕೇನ್ ಎಂಜಿನ್ನಿನಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿನ ಮೈಗೇ ಕೂತಿರುತ್ತದೆ. ಅದರ ಡಯಾಫ್ರಮ್ ಹರಿದರೆ ಪೆಟ್ರೋಲ್ ನೇರವಾಗಿ ಸಂಪಿಗೆ ಇಳಿಯುತ್ತದೆ. ವಾಸನೆಯೇ ಹೇಳಿಬಿಡುತ್ತದೆ.

ಮಟ್ಟ ಸರಿಯಿದ್ದರೆ ಕಿವಿಯ ಸರದಿ. ಒತ್ತಡ ಇಲ್ಲದ ಎಂಜಿನ್ ಸಾಮಾನ್ಯವಾಗಿ ಸುಮ್ಮನಿರುವುದಿಲ್ಲ. ಮೊದಲು ಮೇಲುಗಡೆ ಟಪ್ಪೆಟ್ಟುಗಳು ಚಟಚಟ ಅನ್ನುತ್ತವೆ. ಆಮೇಲೆ ಕೆಳಗಿನಿಂದ, ರೇಸ್ ಕೊಟ್ಟಾಗ, ಭಾರವಾದ ಗುಡುಗುಡು ಸದ್ದು ಬರುತ್ತದೆ. ಆದರೆ ಹಳೆಯ ಡೀಸೆಲ್ ಎಂಜಿನ್ನಿನ ಗದ್ದಲದ ನಡುವೆ ಈ ಭೇದ ಹಿಡಿಯುವುದು ಪಳಗಿದ ಮೇಸ್ತ್ರಿಗೂ ಕಷ್ಟ. ಆದ್ದರಿಂದ ಸದ್ದು ಬಂದರೆ ಖಂಡಿತ ನಿಲ್ಲಿಸಿ. ಸದ್ದು ಬರಲಿಲ್ಲ ಎಂಬ ಕಾರಣಕ್ಕೆ ಮಾತ್ರ ಮುಂದೆ ಹೋಗಬೇಡಿ.

ಮನೆಗೆ ಎಳೆದು ತಂದ ಮೇಲೆ ಮಾಡಬಹುದಾದ ಇನ್ನೊಂದು ಒರಟು ಪರೀಕ್ಷೆಯಿದೆ. ಸೆಂಡರನ್ನು ಬಿಚ್ಚಿ, ರಂಧ್ರದ ಮುಂದೆ ಡಬ್ಬಿಯೊಂದನ್ನು ಹಿಡಿದು, ಎಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ಕೇಬಲ್ ಎಳೆದಿಟ್ಟು ಕೆಲವು ಸೆಕೆಂಡ್ ಸೆಲ್ಫ್ ಹೊಡೆಯುವುದು. ಆಯಿಲ್ ಚಿಮ್ಮಿದರೆ ಪಂಪು ಬದುಕಿದೆ ಎಂದರ್ಥ. ಒತ್ತಡ ಎಷ್ಟಿದೆ ಎಂಬುದನ್ನು ಇದು ಹೇಳುವುದಿಲ್ಲ. ಆದರೆ ಏನೂ ಬರದಿದ್ದರೆ ಮೀಟರಿನ ಮೇಲೆ ಅನುಮಾನ ಪಡುವ ಅಗತ್ಯವೇ ಉಳಿಯುವುದಿಲ್ಲ.

ಅಳೆಯುತ್ತಿರುವುದು ಏನನ್ನು?

ಆಯಿಲ್ ಪಂಪು ಒತ್ತಡವನ್ನು ತಯಾರಿಸುತ್ತದೆ ಎಂಬ ಮಾತು ಅರ್ಧ ಸರಿ. ಪಂಪು ಮಾಡುವುದು ಆಯಿಲನ್ನು ತಳ್ಳುವ ಕೆಲಸ. ತಳ್ಳಿದ ಆಯಿಲಿಗೆ ಹೊರಹೋಗಲು ದಾರಿ ಕಿರಿದಾಗಿದ್ದರೆ ಮಾತ್ರ ಒತ್ತಡ ಹುಟ್ಟುತ್ತದೆ; ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದಂತೆ. ಎಂಜಿನ್ನಿನೊಳಗೆ ಈ ಕಿರಿದಾದ ದಾರಿ ಎಂದರೆ ಬೇರಿಂಗಿಗೂ ಶಾಫ್ಟಿಗೂ ನಡುವಿನ ಸಂದು. ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಅಳೆಯುವಷ್ಟು ಸಣ್ಣದು. ತೆಳುವಾದ ಸಂದಿಯಲ್ಲಿ ದ್ರವ ಹರಿಯುವ ಪ್ರಮಾಣ ಸಂದಿನ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಸಂದು ಎರಡರಷ್ಟಾದರೆ ಸೋರಿಕೆ ಎಂಟರಷ್ಟು. ಬೇರಿಂಗ್ ಸ್ವಲ್ಪವೇ ಸವೆದರೂ ಒತ್ತಡ ಎದ್ದು ಕಾಣುವಷ್ಟು ಇಳಿಯುವುದು ಇದಕ್ಕೇ.

ಇನ್ನೊಂದು ಪಾತ್ರಧಾರಿ ಆಯಿಲಿನ ಸ್ನಿಗ್ಧತೆ, ಅಂದರೆ ಅದು ಎಷ್ಟು ಮಂದವಾಗಿದೆ ಎಂಬುದು; ಅದರ ಅಳತೆ ಸೆಂಟಿಸ್ಟೋಕ್. ನಮ್ಮಲ್ಲಿ ಡೀಸೆಲ್ ಗಾಡಿಗಳಿಗೆ ಹಾಕುವ 15ಡಬ್ಲ್ಯು-40 ಆಯಿಲ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 110 ಸೆಂಟಿಸ್ಟೋಕ್ ಇದ್ದರೆ, 100 ಡಿಗ್ರಿಯಲ್ಲಿ 14ರ ಆಸುಪಾಸಿಗೆ ಬರುತ್ತದೆ. ಏಳೆಂಟು ಪಟ್ಟು ತೆಳು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎದೆಯುಬ್ಬಿಸಿ ನಿಲ್ಲುವ ಮುಳ್ಳು, ಚಾರ್ಮಾಡಿ ಘಾಟಿ ಹತ್ತಿ ನಿಲ್ಲಿಸಿದಾಗ ಐಡ್ಲಿಂಗಿನಲ್ಲಿ ಜೋತುಬೀಳುವುದು ಇದರಿಂದಲೇ. ಅದಷ್ಟೇ ರೋಗವಲ್ಲ. ತಣ್ಣಗಿರುವಾಗ ಎಷ್ಟು, ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಎಷ್ಟು, ಬಿಸಿಯಲ್ಲೇ ರೇಸ್ ಕೊಟ್ಟಾಗ ಎಷ್ಟು ಎಂಬ ಮೂರೂ ಅಂಕಿಗಳು ಸೇರಿದಾಗ ಮಾತ್ರ ಒಂದು ಚಿತ್ರ ಮೂಡುತ್ತದೆ. ಪಂಪಿನ ಪಕ್ಕದಲ್ಲಿ ಸ್ಪ್ರಿಂಗಿನ ರಿಲೀಫ್ ವಾಲ್ವ್ ಒಂದಿರುತ್ತದೆ. ಒತ್ತಡ ಮಿತಿ ಮೀರಿದರೆ ಅದು ತೆರೆದು ಹೆಚ್ಚುವರಿ ಆಯಿಲನ್ನು ಹಿಂದಕ್ಕೆ ಬಿಡುತ್ತದೆ. ಎಷ್ಟೇ ರೇಸ್ ಕೊಟ್ಟರೂ ಮುಳ್ಳು ಒಂದು ಹಂತದಲ್ಲಿ ನಿಂತುಬಿಡುವುದು ಅದರ ಕೆಲಸ.

ಮೀಟರಿನ ಜಾತಿ ಯಾವುದು?

ಪರೀಕ್ಷೆಯ ಕ್ರಮ ಮೀಟರಿನ ಜಾತಿಯ ಮೇಲೆ ನಿಂತಿದೆ. ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ ನೋಡಿ. ಮೀಟರಿನ ಬೆನ್ನಿಗೆ ತೆಳುವಾದ ತಾಮ್ರದ ಅಥವಾ ನೈಲಾನ್ ಪೈಪು ಬಂದಿದ್ದರೆ ಅದು ಯಾಂತ್ರಿಕ ಗೇಜ್: ಎಂಜಿನ್ನಿನ ಆಯಿಲೇ ಅಲ್ಲಿಯವರೆಗೆ ಬರುತ್ತದೆ. ಒಳಗಿರುವುದು ಫ್ರಾನ್ಸಿನ ಯೂಜೀನ್ ಬೋರ್ಡನ್ 1849ರಲ್ಲಿ ಪೇಟೆಂಟ್ ಪಡೆದ ಚಪ್ಪಟೆ ಕೊಳವೆ. ಅರ್ಧಚಂದ್ರದಂತೆ ಬಾಗಿರುವ ಆ ಕೊಳವೆ ಒತ್ತಡ ಬಂದಾಗ ನೆಟ್ಟಗಾಗಲು ನೋಡುತ್ತದೆ, ಆ ಚಲನೆ ಸಣ್ಣ ಹಲ್ಲುಚಕ್ರದ ಮೂಲಕ ಮುಳ್ಳನ್ನು ತಿರುಗಿಸುತ್ತದೆ. ವಿದ್ಯುತ್ತಿನ ಹಂಗೇ ಇಲ್ಲ. ನನ್ನ ಮಟ್ಟಿಗೆ ಹಳೆಯ ಗಾಡಿಗೆ ಇದಕ್ಕಿಂತ ಪ್ರಾಮಾಣಿಕವಾದ ಮೀಟರ್ ಇಲ್ಲ.

ಪೈಪಿಲ್ಲದೆ ಬರೀ ವೈರುಗಳಿದ್ದರೆ ಅದು ಎಲೆಕ್ಟ್ರಿಕ್. ಇದರಲ್ಲಿ ಎರಡು ಬಗೆ. ಇಗ್ನಿಷನ್ ಹಾಕಿದ ಮೇಲೆ ಮುಳ್ಳು ಹಲವು ಸೆಕೆಂಡ್ ತೆಗೆದುಕೊಂಡು ನಿಧಾನವಾಗಿ ತೇಲುತ್ತಾ ಏರಿದರೆ ಅದು ದ್ವಿಲೋಹದ ಪಟ್ಟಿಯ ಮೀಟರ್. ಕರೆಂಟ್ ಹರಿದು ಪಟ್ಟಿ ಬಿಸಿಯಾಗಿ ಬಾಗಿದಂತೆ ಮುಳ್ಳು ಸರಿಯುತ್ತದೆ. ಥಟ್ಟನೆ ಹಾರಿ ನಿಂತರೆ ಅದು ತಂತಿಸುರುಳಿಗಳ ಅಯಸ್ಕಾಂತ ಮೀಟರ್. ದ್ವಿಲೋಹದ ಮೀಟರಿಗೆ ಸ್ಥಿರವಾದ ವೋಲ್ಟೇಜ್ ಬೇಕು. ಅದಕ್ಕಾಗಿ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಸುಮಾರು 10 ವೋಲ್ಟ್, ಅಮೆರಿಕದ ಹಲವು ಗಾಡಿಗಳಲ್ಲಿ ಸುಮಾರು 5 ವೋಲ್ಟ್ ಕೊಡುವ ಪುಟ್ಟ ಸ್ಟೆಬಿಲೈಸರ್ ಇರುತ್ತದೆ. ಒಂದೇ ಸ್ಟೆಬಿಲೈಸರಿನಿಂದ ಎರಡು ಮೂರು ಮೀಟರುಗಳಿಗೆ ಸರಬರಾಜು ಇರುವುದೂ ಉಂಟು. ಆಯಿಲ್ ಮೀಟರಿನ ಜತೆಗೆ ಡೀಸೆಲ್, ಹೀಟ್ ಮುಳ್ಳುಗಳೂ ಒಟ್ಟಿಗೆ ಹುಚ್ಚು ಕಟ್ಟಿ ಕುಣಿಯುತ್ತಿದ್ದರೆ ಎಂಜಿನ್ನಿನ ಕಡೆ ನೋಡುವ ಮೊದಲು ಈ ಸ್ಟೆಬಿಲೈಸರ್ ಮತ್ತು ಡ್ಯಾಶ್‌ಬೋರ್ಡಿನ ಅರ್ಥಿಂಗ್ ನೋಡಬೇಕು. ಮೂರು ಬೇರೆ ಬೇರೆ ರೋಗ ಒಂದೇ ದಿನ ಬರುವುದು ಅಪರೂಪ.

ವಿಲ್ಲೀಸ್ ಕಾಲದ ಜೀಪುಗಳವರಿಗೆ ಇನ್ನೊಂದು ಎಚ್ಚರಿಕೆ. ಅವು ಹುಟ್ಟಿದ್ದು 6 ವೋಲ್ಟಿನ ಗಾಡಿಗಳಾಗಿ. ಮುಂದೆ ಯಾರೋ 12 ವೋಲ್ಟಿಗೆ ಬದಲಾಯಿಸಿದಾಗ ಎಲೆಕ್ಟ್ರಿಕ್ ಮೀಟರುಗಳನ್ನು ಹಾಗೆಯೇ ಬಿಟ್ಟಿದ್ದರೆ ಅವು ಅತಿಯಾಗಿ ತೋರಿಸುತ್ತವೆ, ಇಲ್ಲವೇ ಸುಟ್ಟುಹೋಗುತ್ತವೆ.

ಪೈಪಿನ ಗೇಜ್ ಸುಳ್ಳು ಹೇಳುವ ಬಗೆ

ಯಾಂತ್ರಿಕ ಗೇಜಿನಲ್ಲಿ ಕೆಡುವುದು ಕಡಿಮೆ. ಎಂಜಿನ್ ನಿಂತಿರುವಾಗ ಮುಳ್ಳು ಸೊನ್ನೆಯ ಬದಲು 10ರಲ್ಲಿ ಕೂತಿದ್ದರೆ ಒಳಗಿನ ಕೊಳವೆ ಹಿಗ್ಗಿ ಹಾಳಾಗಿದೆ. ಅದು ತೋರಿಸುವ ಎಲ್ಲ ಅಂಕಿಗಳೂ ಅಷ್ಟರಮಟ್ಟಿಗೆ ಹುಸಿ. ಮುಳ್ಳು ಏರಲು ವಿಪರೀತ ತಡವಾದರೆ ಪೈಪು ಎಲ್ಲೋ ಮಡಚಿದೆ, ಅಥವಾ ಒಳಗೆ ಕೆಸರು ಕಟ್ಟಿದೆ. ಮೀಟರ್ ಕಡೆಯ ನಟ್ಟನ್ನು, ಎಂಜಿನ್ ಐಡ್ಲಿಂಗಿನಲ್ಲಿರುವಾಗ, ಕೆಳಗೆ ಬಟ್ಟೆ ಹಿಡಿದು ಕಾಲು ಸುತ್ತು ಸಡಿಲಿಸಿ ನೋಡಿ. ಮೊದಲು ಗುಳ್ಳೆಗಳು, ಆಮೇಲೆ ತುಂಬಿದ ಆಯಿಲ್ ಬರಬೇಕು. ಏನೂ ಬರದಿದ್ದರೆ ಪೈಪನ್ನು ಬಿಚ್ಚಿ ಊದಿಸಿ. ಬಿಸಿ ಎಂಜಿನ್ನಿನಲ್ಲಿ ಈ ಕೆಲಸ ಬೇಡ.

ಈ ಗೇಜಿನ ನಿಜವಾದ ಅಪಾಯ ಮೀಟರಿನಲ್ಲಿಲ್ಲ, ಪೈಪಿನಲ್ಲಿದೆ. ಎಂಜಿನ್ ಅಲುಗುತ್ತದೆ, ಬಾಡಿ ಬೇರೆಯೇ ಲಯದಲ್ಲಿ ಅಲುಗುತ್ತದೆ. ನಡುವಿನ ತಾಮ್ರದ ಪೈಪು ವರ್ಷಗಟ್ಟಲೆ ಬಾಗಿ ಬಾಗಿ ಪೆಡಸಾಗಿ ಸೀಳುತ್ತದೆ. ನೈಲಾನ್ ಪೈಪು ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತಾಗಿದರೆ ಕರಗುತ್ತದೆ. ಎರಡೂ ಸಂದರ್ಭದಲ್ಲಿ ಮುಳ್ಳು ಸೊನ್ನೆಗೆ ಬೀಳುತ್ತದೆ, ಅದರ ಬೆನ್ನಿಗೇ ಬಿಸಿ ಆಯಿಲ್ ಚಾಲಕನ ಕಾಲ ಮೇಲೆ ಸುರಿಯುತ್ತದೆ. ಮೀಟರಿನ ದೋಷವಾಗಿ ಶುರುವಾದದ್ದು ಸಂಪು ಖಾಲಿಯಾಗುವಷ್ಟರಲ್ಲಿ ಎಂಜಿನ್ನಿನ ದೋಷವಾಗಿರುತ್ತದೆ. ತಾಮ್ರದ ಪೈಪನ್ನು ಎಂಜಿನ್ ಬದಿಯಲ್ಲಿ ಎರಡು ಸುತ್ತು ಸುರುಳಿ ಮಾಡಿ ಬಿಡುವುದು, ಎಂಜಿನ್ನಿಗೂ ಚಾಲಕನಿಗೂ ನಡುವಿನ ಲೋಹದ ಗೋಡೆ (ಬಲ್ಕ್‌ಹೆಡ್) ದಾಟುವಲ್ಲಿ ರಬ್ಬರ್ ಬಳೆ (ಗ್ರಾಮೆಟ್) ಹಾಕುವುದು ಅಲಂಕಾರಕ್ಕಲ್ಲ.

ಎಲೆಕ್ಟ್ರಿಕ್ ಮೀಟರಿನ ಪಂಚಾಯಿತಿ

ಇಲ್ಲಿ ಸುದ್ದಿ ಕೈ ಬದಲಾಯಿಸುತ್ತಾ ಬರುತ್ತದೆ. ಸೆಂಡರಿನೊಳಗೆ ಆಯಿಲಿನ ಒತ್ತಡಕ್ಕೆ ಉಬ್ಬುವ ಡಯಾಫ್ರಮ್ ಇದೆ. ಅದು ಒಂದು ಪುಟ್ಟ ಕೈಯನ್ನು ರೆಸಿಸ್ಟೆನ್ಸ್ ತಂತಿಯ ಮೇಲೆ ಸರಿಸುತ್ತದೆ. ಹಾಗೆ ಬದಲಾಗುವ ಓಮ್‌ಗಳನ್ನು ವೈರು ಮೀಟರಿಗೆ ಒಯ್ಯುತ್ತದೆ, ಮೀಟರ್ ಅದನ್ನು ಒತ್ತಡವೆಂದು ಓದುತ್ತದೆ. ಕರೆಂಟ್ ವಾಪಸು ಹೋಗುವುದು ಸೆಂಡರಿನ ಥ್ರೆಡ್ಡಿನಿಂದ ಎಂಜಿನ್ ಬ್ಲಾಕಿಗೆ, ಅಲ್ಲಿಂದ ಅರ್ಥಿಂಗ್ ಪಟ್ಟಿಯ ಮೂಲಕ ಚಾಸಿಗೆ. ಈ ದಾರಿಯಲ್ಲಿ ಎಲ್ಲಿ ತಪ್ಪಿದರೂ ಶಿಕ್ಷೆ ಅನುಭವಿಸುವುದು ಎಂಜಿನ್.

ಆರಂಭದ ಪರೀಕ್ಷೆ ಸುಲಭ. ಇಗ್ನಿಷನ್ ಆನ್, ಎಂಜಿನ್ ಆಫ್. ಸೆಂಡರಿನ ವೈರು ಎಳೆದು ಗಾಳಿಯಲ್ಲಿ ಹಿಡಿದಾಗ ಮುಳ್ಳು ಒಂದು ತುದಿಗೆ ಹೋಗಬೇಕು. ಅದೇ ವೈರನ್ನು ಎಂಜಿನ್ ಬ್ಲಾಕಿನ ಸ್ವಚ್ಛವಾದ ಲೋಹಕ್ಕೆ ಒಂದು ಕ್ಷಣ ತಾಗಿಸಿದಾಗ ಇನ್ನೊಂದು ತುದಿಗೆ ಹೋಗಬೇಕು. ಎರಡೂ ಆದರೆ ಮೀಟರೂ ವೈರೂ ಜೀವಂತವಾಗಿವೆ. ಅನುಮಾನ ಸೆಂಡರಿನ ಅಥವಾ ಎಂಜಿನ್ನಿನ ಮೇಲೆ. ಯಾವುದೂ ಆಗದಿದ್ದರೆ ಮೀಟರಿನ ಬೆನ್ನಿಗೇ ಹೋಗಿ ಅಲ್ಲಿ ಇದೇ ಪರೀಕ್ಷೆ ಮಾಡಿ. ಅಲ್ಲಿ ಮುಳ್ಳು ಅಲುಗಿದರೆ ವೈರು ತುಂಡಾಗಿದೆ. ಅಲುಗದಿದ್ದರೆ ಮೀಟರಿಗೆ ಸರಬರಾಜೇ ಇಲ್ಲ, ಅಥವಾ ಮೀಟರೇ ಸತ್ತಿದೆ. ದ್ವಿಲೋಹದ ಮೀಟರನ್ನು ಹೀಗೆ ನೇರವಾಗಿ ಹೆಚ್ಚು ಹೊತ್ತು ತಾಗಿಸಿ ಇಟ್ಟರೆ ಸುಡುತ್ತದೆ. ನಡುವೆ ಒಂದು ಸಣ್ಣ ಡ್ಯಾಶ್ ಬಲ್ಬ್ ಸೇರಿಸಿಕೊಳ್ಳುವುದು ಒಳ್ಳೆಯದು. ಬ್ಯಾಟರಿಯ 12 ವೋಲ್ಟನ್ನು ನೇರವಾಗಿ ಸೆಂಡರಿಗೆ ಕೊಟ್ಟು ನೋಡುವ ಅಭ್ಯಾಸ ಕೆಲವು ಗ್ಯಾರೇಜುಗಳಲ್ಲಿದೆ. ಒಳಗಿನ ತಂತಿ ಸುಡಲು ಅದಕ್ಕಿಂತ ಸುಲಭದ ಉಪಾಯ ಇಲ್ಲ.

ಯಾವ ತುದಿಗೆ ಹೋಗಬೇಕು ಎಂಬಲ್ಲಿ ಜನ ಮುಗ್ಗರಿಸುತ್ತಾರೆ. ಸೆಂಡರುಗಳಲ್ಲಿ ಮೂರು ಮನೆತನಗಳು ಹೆಚ್ಚು ಬಳಕೆಯಲ್ಲಿವೆ. ಮೀಟರ್ ತಯಾರಕ ವಿಡಿಒದಂಥ ಯುರೋಪಿನವು ಒತ್ತಡವಿಲ್ಲದಾಗ ಸುಮಾರು 10 ಓಮ್, ಪೂರ್ತಿ ಒತ್ತಡದಲ್ಲಿ ಸುಮಾರು 180 ಓಮ್ ತೋರಿಸುತ್ತವೆ. ಜನರಲ್ ಮೋಟರ್ಸ್ ಬಗೆಯವು ಸೊನ್ನೆಯಿಂದ 90ಕ್ಕೆ ಏರುತ್ತವೆ. ಅಮೆರಿಕದ ಇನ್ನೊಂದು ಬಗೆ ತಲೆಕೆಳಗು: ಒತ್ತಡವಿಲ್ಲದಾಗ 240, ಪೂರ್ತಿ ಇದ್ದಾಗ 33. ಮೊದಲೆರಡರಲ್ಲಿ ವೈರು ತೆಗೆದರೆ ಮುಳ್ಳು ಮೇಲಕ್ಕೆ, ಬ್ಲಾಕಿಗೆ ತಾಗಿಸಿದರೆ ಸೊನ್ನೆಗೆ. ಮೂರನೆಯದರಲ್ಲಿ ಅದಲು ಬದಲು. ಆದ್ದರಿಂದ ‘ಮುಳ್ಳು ಪೂರ್ತಿ ಮೇಲಿದೆ, ಎಂಜಿನ್ ಭೇಷಾಗಿದೆ’ ಎಂದು ಹಿಗ್ಗುವ ಮೊದಲು ಸೆಂಡರಿನ ವೈರು ಜಾಗದಲ್ಲಿದೆಯೇ ನೋಡಿಕೊಳ್ಳಿ. ಯುರೋಪಿನ ಮೀಟರಿಗೆ ತುಂಡಾದ ವೈರೂ ಅತ್ಯುತ್ತಮ ಒತ್ತಡವೂ ಒಂದೇ.

ಬೇರೆ ಬೇರೆ ಅಂಗಡಿಯ ಮೀಟರ್, ಸೆಂಡರುಗಳ ಮದುವೆ ಮಾಡಿಸಿದಾಗ ಇದೇ ಮುಳುವಾಗುತ್ತದೆ. 10–180ರ ಮೀಟರಿಗೆ 0–90ರ ಸೆಂಡರ್ ಕಟ್ಟಿದರೆ ಆರೋಗ್ಯವಂತ ಎಂಜಿನ್ ಕೂಡ ಬದುಕಿನುದ್ದಕ್ಕೂ ಅರ್ಧಕ್ಕಿಂತ ಮೇಲೆ ಏಳುವುದಿಲ್ಲ. ಅದಕ್ಕೇ 240–33ರದನ್ನು ಕಟ್ಟಿದರೆ ಎಂಜಿನ್ ನಿಂತಾಗ ಮುಳ್ಳು ತುತ್ತತುದಿಯಲ್ಲಿರುತ್ತದೆ, ಸ್ಟಾರ್ಟ್ ಮಾಡಿದೊಡನೆ ಕೆಳಗೆ ಬೀಳುತ್ತದೆ. ಸೆಂಡರ್ ಬದಲಾಯಿಸಿದ ಮೇಲೆ ಶುರುವಾದ ‘ಕಡಿಮೆ ಒತ್ತಡ’ಕ್ಕೆ ನಾನು ಮೊದಲು ಹುಡುಕುವುದು ಈ ಹೊಂದಾಣಿಕೆಯನ್ನೇ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ವೈರು ತೆಗೆದ ಸೆಂಡರಿನ ಪಿನ್ನಿಗೂ ಬ್ಲಾಕಿಗೂ ಹಿಡಿದು ನೋಡಿದರೆ ಅದು ಯಾವ ಮನೆತನದ್ದೆಂದು ತಿಳಿಯುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿ ರೇಸ್ ಕೊಟ್ಟಾಗ ಆ ಅಂಕಿ ಸರಾಗವಾಗಿ ಬದಲಾಗಬೇಕು. ನಡುನಡುವೆ ಜಿಗಿದರೆ ಒಳಗಿನ ತಂತಿ ಸವೆದಿದೆ. ಬದಲಾಗದೇ ಇದ್ದರೆ ಡಯಾಫ್ರಮ್ ಸತ್ತಿದೆ, ಇಲ್ಲವೇ ಒತ್ತಡವೇ ಇಲ್ಲ.

ಮೀಟರನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೆಲವೇ ರೂಪಾಯಿಗೆ ಸಿಗುವ ಎರಡು ವಾಟಿನ 100 ಓಮ್ ರೆಸಿಸ್ಟರ್ ಸಾಕು. ಅದನ್ನು ಸೆಂಡರಿನ ವೈರಿಗೂ ಬ್ಲಾಕಿಗೂ ನಡುವೆ ಹಿಡಿದರೆ 10–180ರ ಮೀಟರ್ ಸರಿಸುಮಾರು ನಡುವಿಗೆ ಬರಬೇಕು. ಬಂದರೆ ಮೀಟರಿನ ಮೇಲಿನ ಅಪವಾದ ಕಳಚಿತು.

ಎರಡು ಪಿನ್ನಿನ ಸೆಂಡರುಗಳಲ್ಲಿ ಒಂದು ಮೀಟರಿಗೆ, ಇನ್ನೊಂದು ಎಚ್ಚರಿಕೆಯ ದೀಪಕ್ಕೆ. ಅದಲು ಬದಲಾದರೆ ಮುಳ್ಳು ಎಂಜಿನ್ ನಿಂತಾಗ ಸೊನ್ನೆಯಲ್ಲಿದ್ದು, ಓಡುವಾಗ ನೇರ ಪೂರ್ತಿ ಅಂಕಿಗೆ ಹಾರುತ್ತದೆ, ನಡುವೆ ಎಲ್ಲೂ ನಿಲ್ಲುವುದಿಲ್ಲ. ನಡುವೆ ನಿಲ್ಲದ ಆಯಿಲ್ ಮುಳ್ಳನ್ನು ಎಂದೂ ನಂಬಬಾರದು. ಹಾಗೆಯೇ ನಡುವೆಯೇ ನಿಂತು ಎತ್ತಲೂ ಅಲುಗದ್ದನ್ನೂ. 1995ರಿಂದ ಈಚೆಗೆ ಮಾಜ್ದಾ ಕಂಪನಿ ತನ್ನ ಮಿಯಾಟಾ ಕಾರಿನಲ್ಲಿ ನಿಜವಾದ ಸೆಂಡರಿನ ಬದಲು ಬರೀ ಆನ್–ಆಫ್ ಸ್ವಿಚ್ ಹಾಕಿ, ಒತ್ತಡ ಇದ್ದರೆ ಮುಳ್ಳು ಸದಾ ನಡುವಿನಲ್ಲಿ ನಿಲ್ಲುವಂತೆ ಮಾಡಿತು. ಮುಳ್ಳಿನ ಸಹಜ ಏರಿಳಿತ ಕಂಡು ಗ್ರಾಹಕರು ಗಾಬರಿಯಾಗದಿರಲೆಂದು ಮಾಡುವ ಇಂಥ ಉಪಾಯದಲ್ಲಿ ಗಾಬರಿ ಹೋಗುತ್ತದೆ, ಮಾಹಿತಿಯೂ ಹೋಗುತ್ತದೆ.

ಇನ್ನು ಅರ್ಥಿಂಗ್. ಮಲೆನಾಡಿನ ಮಳೆಗೆ ತಾಮ್ರದ ಟರ್ಮಿನಲ್ಲಿನ ಮೇಲೆ ಹಸಿರು ಕಿಲುಬು, ಕಬ್ಬಿಣದ ಬೋಲ್ಟಿನ ಕೆಳಗೆ ತುಕ್ಕು ಕೂರದ ಗಾಡಿಯಿಲ್ಲ. ಎಂಜಿನ್ನಿನಿಂದ ಚಾಸಿಗೆ ಹೋಗುವ ಪಟ್ಟಿ ಹರಿದಿದ್ದರೆ ಹೆಡ್‌ಲೈಟ್ ಹಾಕಿದಾಗ ಆಯಿಲ್ ಮುಳ್ಳು ಅಲುಗುತ್ತದೆ. ದೀಪಕ್ಕೂ ಆಯಿಲಿಗೂ ಸಂಬಂಧವಿಲ್ಲ. ಸಂಬಂಧ ಕಂಡರೆ ತಪ್ಪು ವೈರಿಂಗಿನದೇ. ಹಳ್ಳಕ್ಕಿಳಿದಾಗ ಬಿದ್ದು ಮತ್ತೆ ಏಳುವ ಮುಳ್ಳಿನ ಹಿಂದೆಯೂ ಹೆಚ್ಚಾಗಿ ಸಡಿಲ ಟರ್ಮಿನಲ್ ಇರುತ್ತದೆ. ಆದರೆ ತಿರುವಿನಲ್ಲಿ ಅಥವಾ ಬ್ರೇಕ್ ಹಾಕಿದಾಗ ಮಾತ್ರ ಬಿದ್ದರೆ ಮೊದಲು ಡಿಪ್‌ಸ್ಟಿಕ್ ನೋಡಿ: ಆಯಿಲ್ ಕಡಿಮೆಯಿದ್ದು, ಸಂಪಿನ ಒಂದು ಬದಿಗೆ ಓಡಿ, ಪಂಪು ಗಾಳಿ ಎಳೆಯುತ್ತಿರಬಹುದು. ಸೆಂಡರಿನ ಥ್ರೆಡ್ಡಿಗೆ ಟೆಫ್ಲಾನ್ ಟೇಪನ್ನು ಬ್ಯಾಂಡೇಜಿನಂತೆ ಸುತ್ತುವುದೂ ಬೇಡ. ಬ್ಲಾಕಿನೊಂದಿಗಿನ ಸಂಪರ್ಕವೇ ಕಡಿದುಹೋಗಬಹುದು. ಸೆಂಡರನ್ನು ರಬ್ಬರ್ ಹೋಸಿನ ತುದಿಯಲ್ಲಿ ದೂರ ಕೂರಿಸಿದ್ದರೆ ಅದಕ್ಕೆ ಬೇರೆಯೇ ಅರ್ಥಿಂಗ್ ವೈರು ಬೇಕು.

ಕೊನೆಯ ಮಾತು ಪೈಪಿನ ಗೇಜಿನದು

ಮೇಲಿನದೆಲ್ಲ ಮೀಟರಿನ ವಿಚಾರಣೆ. ಎಂಜಿನ್ನಿನ ವಿಚಾರಣೆಗೆ ಬೇರೆ, ನಂಬಿಕಸ್ಥ ಗೇಜ್ ಬೇಕು. ಸೆಂಡರ್ ಬಿಚ್ಚಿ, ಆ ಜಾಗಕ್ಕೆ ಸೊನ್ನೆಯಿಂದ 10 ಬಾರ್‌ವರೆಗಿನ ಯಾಂತ್ರಿಕ ಗೇಜನ್ನು ಹೋಸಿನೊಂದಿಗೆ ಕೂರಿಸಿ. ಥ್ರೆಡ್ ಬಗ್ಗೆ ಅವಸರ ಬೇಡ. ಅಮೆರಿಕದ ಕಾಲಿಂಚಿನ ಅರ್ಧ, ಅಂದರೆ 1/8 ಎನ್‌ಪಿಟಿ, ಇಂಚಿಗೆ 27 ಸುತ್ತಿನದು. ಬ್ರಿಟಿಷ್ 1/8 ಬಿಎಸ್‌ಪಿ 28 ಸುತ್ತಿನದು. ಒಂದರೊಳಗೆ ಇನ್ನೊಂದು ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಕಚ್ಚುತ್ತದೆ, ಬಲವಂತ ಮಾಡಿದರೆ ಬ್ಲಾಕಿನ ಥ್ರೆಡ್ ಹೋಗುತ್ತದೆ. ಯುರೋಪಿನ ಎಂಜಿನ್ನುಗಳಲ್ಲಿ 10 ಮಿ.ಮೀ. ವ್ಯಾಸದ, 1 ಮಿ.ಮೀ. ಪಿಚ್ಚಿನದೂ ಸಾಮಾನ್ಯ. ಹಳೆಯ ಸೆಂಡರನ್ನೇ ಅಂಗಡಿಗೆ ಒಯ್ದು ಅಡಾಪ್ಟರ್ ತರುವುದು ಕ್ಷೇಮ.

ತಣ್ಣಗಿನ ಐಡ್ಲಿಂಗ್ ಬರೆದುಕೊಳ್ಳಿ. ಆಮೇಲೆ ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸಿ ಬನ್ನಿ. ರೇಡಿಯೇಟರಿನ ನೀರು ಬಿಸಿಯಾದ ಎಷ್ಟೋ ಹೊತ್ತಿನ ಮೇಲೆ ಆಯಿಲ್ ಬಿಸಿಯಾಗುತ್ತದೆ. ಬಿಸಿ ಐಡ್ಲಿಂಗ್, ಬಿಸಿಯಲ್ಲಿ 2000 ಆರ್‌ಪಿಎಂ, ಎರಡನ್ನೂ ಅಳೆಯಿರಿ. ಅಂಕಿಗಳನ್ನು ಹೋಲಿಸುವಾಗ ಅಳತೆಯ ಮಾನ ಮರೆಯಬೇಡಿ: 1 ಬಾರ್ ಎಂದರೆ 14.5 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಡಯಲ್ಲಿನ ಮೇಲೆ ಚದರ ಸೆಂಟಿಮೀಟರಿಗೆ ಕೆ.ಜಿ. ಎಂದಿದ್ದರೆ 1ಕ್ಕೆ 14.2 ಪಿಎಸ್‌ಐ. ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಎಂಬ ಗ್ಯಾರೇಜ್ ಸೂತ್ರ ಒರಟು ಲೆಕ್ಕಕ್ಕೆ ಸರಿ, ತೀರ್ಪಿಗೆ ಆ ಎಂಜಿನ್ನಿನ ಕೈಪಿಡಿಯೇ ಬೇಕು. ಹರಿಕೇನ್ ಎಂಜಿನ್ನಿಗೆ ವಿಲ್ಲೀಸ್ ಕೈಪಿಡಿ ಕೊಡುವ ಕನಿಷ್ಠ ಮಿತಿ ಐಡ್ಲಿಂಗಿನಲ್ಲಿ ಬರೀ 6 ಪಿಎಸ್‌ಐ. 2000 ಆರ್‌ಪಿಎಂನಲ್ಲಿ ಸಹಜವೆಂದು ಹೇಳುವುದು 35. ಹೊಸ ಕಾರು ಓಡಿಸಿ ಅಭ್ಯಾಸವಾದವರು ಆ 6ನ್ನು ನೋಡಿದರೆ ಎಂಜಿನ್ ಇಳಿಸಿಬಿಡುತ್ತಾರೆ.

ಪೈಪಿನ ಗೇಜ್ ಒಳ್ಳೆಯ ಅಂಕಿ ಕೊಟ್ಟರೆ ಎಂಜಿನ್ ನಿರ್ದೋಷಿ. ಸೆಂಡರ್ ಬದಲಾಯಿಸಿ, ವೈರಿಂಗ್ ತಿದ್ದಿ. ಅದೂ ಕಡಿಮೆ ತೋರಿಸಿದರೆ ಡ್ಯಾಶ್‌ಬೋರ್ಡಿನ ಮುಳ್ಳು ಹೇಳಿದ್ದು ನಿಜ. ಆಗಲೂ ಸೀದಾ ಬೋರಿಗೆ ಹಾರಬೇಕಿಲ್ಲ. ಆಯಿಲ್ ತೆಳುವಾಗಿದೆಯೇ, ಡೀಸೆಲ್ ಬೆರೆತಿದೆಯೇ ನೋಡಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ ಮತ್ತೆ ಅಳೆಯಿರಿ. ತಣ್ಣಗಿದ್ದಾಗಲೂ ಬಿಸಿಯಲ್ಲೂ ಒಂದೇ ಸಮನೆ ಕಡಿಮೆಯಿದ್ದರೆ ರಿಲೀಫ್ ವಾಲ್ವ್ ಕಸ ಸಿಕ್ಕಿ ತೆರೆದೇ ನಿಂತಿರಬಹುದು; ಬಿಚ್ಚಿ ತೊಳೆಯುವ ಕೆಲಸ. ಐಡ್ಲಿಂಗಿನಲ್ಲಿ ಸರಿಯಿದ್ದು ರೇಸ್ ಕೊಟ್ಟಾಗ ಬೀಳುವುದಾದರೆ ಸಂಪಿನೊಳಗಿನ ಜಾಲರಿ ಕೆಸರಿನಿಂದ ಮುಚ್ಚಿದೆಯೇ ನೋಡಬೇಕು. ತಣ್ಣಗಿರುವಾಗ ಚೆನ್ನಾಗಿದ್ದು, ಬಿಸಿ ಐಡ್ಲಿಂಗಿನಲ್ಲಿ ಬಿದ್ದು, ರೇಸ್ ಕೊಟ್ಟಾಗ ಸೋಮಾರಿಯಂತೆ ಏರುವುದು ಬೇರಿಂಗ್ ಅಥವಾ ಪಂಪಿನ ಸವೆತದ ಲಕ್ಷಣ. ಆಗ ಮೇಸ್ತ್ರಿಯ ಮಾತಿಗೆ ತೂಕವಿದೆ. ಆದರೂ ಸಂಪು ಇಳಿಸಿ ಒಂದು ಬೇರಿಂಗ್ ಕ್ಯಾಪ್ ತೆಗೆದು ಕಣ್ಣಾರೆ ನೋಡದೆ ಒಪ್ಪಬೇಡಿ. ದಪ್ಪ ಆಯಿಲ್ ಅಥವಾ ಡಬ್ಬಿಯ ಔಷಧ ಸುರಿದು ಮುಳ್ಳನ್ನು ಎಬ್ಬಿಸಬಹುದು. ಸವೆದ ಬೇರಿಂಗ್ ಅದರಿಂದ ಬೆಳೆಯುವುದಿಲ್ಲ. ಹಳೆಯ ಜೀಪು ಕೊಳ್ಳಲು ಹೋದಾಗ ಗಾಡಿ ಮೊದಲೇ ಬಿಸಿಯಾಗಿರುವಂತೆ ಓಡಿಸಿಕೊಂಡು ಬರಲು ಹೇಳಿ, ಇಗ್ನಿಷನ್ ಆನ್ ಇದ್ದು ಎಂಜಿನ್ ನಿಂತಾಗ ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ. ಸೊನ್ನೆಗೆ ಬಾರದ ಮುಳ್ಳಿಗೆ ಯಾರೋ ಕೈಯಾಡಿಸಿರುವ ಸಾಧ್ಯತೆ ಇದೆ.

ಎಲ್ಲ ಸರಿಮಾಡಿದ ಮೇಲೆ ಸೆಂಡರಿನ ಜಾಗದಲ್ಲಿ ಹಿತ್ತಾಳೆಯ ಟಿ ಒಂದನ್ನು ಹಾಕಿ, ಒಂದು ಬಾಯಿಗೆ ಮೀಟರಿನ ಸೆಂಡರನ್ನೂ ಇನ್ನೊಂದಕ್ಕೆ ಎಚ್ಚರಿಕೆ ದೀಪದ ಸ್ವಿಚ್ಚನ್ನೂ ಕೂರಿಸಿಕೊಳ್ಳಿ. ಟಿಯ ಭಾರ ಅಲುಗಾಟಕ್ಕೆ ಥ್ರೆಡ್ಡನ್ನು ಮುರಿಯದಂತೆ ಬ್ರಾಕೆಟ್ ಆಸರೆ ಕೊಡಿ. ಆ ಸ್ವಿಚ್ ಸಾಮಾನ್ಯವಾಗಿ 0.3ರಿಂದ 0.5 ಬಾರ್ ಒತ್ತಡದಲ್ಲಿ ತೆರೆಯುತ್ತದೆ. ಹಾಗಾಗಿ ದೀಪ ಆರಿದೆ ಎಂದ ಮಾತ್ರಕ್ಕೆ ಎಂಜಿನ್ ಗಟ್ಟಿಯಾಗಿದೆ ಎಂದಲ್ಲ. ಆದರೆ ಮುಳ್ಳು ಬಿದ್ದು ದೀಪ ಹತ್ತದಿದ್ದರೆ ತಪ್ಪು ಮೀಟರಿನ ಕಡೆಗಿರುವ ಸಾಧ್ಯತೆಯೇ ಹೆಚ್ಚು; ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ, ಸದ್ದು ಕೇಳಿ ಮುಂದಿನದನ್ನು ನಿರ್ಧರಿಸಬಹುದು. ಎರಡೂ ಒಟ್ಟಿಗೆ ಹೇಳಿದರೆ ಗಾಡಿಯನ್ನು ಅಲ್ಲೇ ಬಿಟ್ಟು ಟ್ರ್ಯಾಕ್ಟರಿಗೆ ಹೇಳಿ ಕಳುಹಿಸಿ.